ಕುತ್ತಿಗೆವರೆಗೆ ಸಾಲ, ಬ್ಯಾಂಕಿನಲ್ಲಿ ಮನೆಪತ್ರ: ಮನೆ ಉಳಿಸಿಕೊಳ್ಳಲು ಏನು ಮಾಡಬೇಕು?

ಸಾಲ ಜಾಸ್ತಿಯಾದ ಮನೆಯಲ್ಲಿ ತಿಂಗಳ ಮೊದಲ ವಾರ ಹೇಗಿರುತ್ತದೆ ಅಂತ ಅನುಭವಿಸಿದವರಿಗೆ ಗೊತ್ತು. ಕ್ರೆಡಿಟ್ ಕಾರ್ಡಿನವರು ದಿನವಿಡೀ ಫೋನ್ ಮಾಡುತ್ತಾರೆ. ಸಂಘದವರು ವಾರದ ಕಂತಿಗೆ ಬಾಗಿಲಿಗೇ ಬರುತ್ತಾರೆ. ಕೈಸಾಲ ಕೊಟ್ಟವರು ಮದುವೆ ಮನೆಯಲ್ಲಿ ಸಿಕ್ಕರೂ ಬಿಡುವುದಿಲ್ಲ. ಮನೆಸಾಲ ಕೊಟ್ಟ ಬ್ಯಾಂಕ್ ಮಾತ್ರ ಒಂದೆರಡು ಎಸ್‌ಎಂಎಸ್ ಕಳಿಸಿ ಸುಮ್ಮನಿರುತ್ತದೆ. ಹಾಗಾಗಿ ಕೈಯಲ್ಲಿದ್ದ ಹಣ ಗಲಾಟೆ ಮಾಡುವವರಿಗೆ ಹೋಗಿಬಿಡುತ್ತದೆ. ಮನೆಸಾಲದ ಕಂತು ಮುಂದಿನ ತಿಂಗಳಿಗೆ ಉಳಿಯುತ್ತದೆ. ಮನೆ ಕೈತಪ್ಪುವುದು ಬಹಳ ಸಲ ಹೀಗೇ ಶುರುವಾಗುತ್ತದೆ. ಗಲಾಟೆ ಮಾಡುವವರಲ್ಲಿ ಹೆಚ್ಚಿನವರಿಗೆ ನಿಮ್ಮ ಮನೆಯನ್ನು ನೇರವಾಗಿ ಮುಟ್ಟುವ ಹಕ್ಕಿಲ್ಲ. ಸುಮ್ಮನಿರುವ ಬ್ಯಾಂಕಿಗೆ ಇದೆ, ಅದೂ ಕೋರ್ಟಿನಲ್ಲಿ ದಾವೆ ಹಾಕದೆ.

ಮನೆ ಅಡವಿಟ್ಟು ಸಾಲ ತೆಗೆದುಕೊಂಡು, ಅದರ ಮೇಲೆ ಬೇರೆ ಸಾಲಗಳೂ ಸೇರಿಕೊಂಡಿರುವ ಕರ್ನಾಟಕದ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

ಎಲ್ಲ ಸಾಲವನ್ನೂ ಒಂದು ಹಾಳೆಗೆ ಇಳಿಸಿ

ಗಂಡ ಹೆಂಡತಿ ಇಬ್ಬರೂ ಕೂತು ಬರೆಯಬೇಕು. ಒಬ್ಬರಿಗೆ ಗೊತ್ತಿಲ್ಲದ ಸಾಲ ಇನ್ನೊಬ್ಬರ ಹತ್ತಿರ ಇರುವುದು ಅಪರೂಪವೇನಲ್ಲ. ಯಾರಿಗೆ ಕೊಡಬೇಕು, ಅಸಲು ಎಷ್ಟು ಬಾಕಿ, ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಅಡ ಏನಿಟ್ಟಿದ್ದೀರಿ, ಜಾಮೀನು ಯಾರದು, ಖಾಲಿ ಚೆಕ್ ಕೊಟ್ಟಿದ್ದೀರಾ ಅನ್ನುವುದನ್ನೆಲ್ಲ ಬರೆಯಿರಿ. ಬ್ಯಾಂಕ್ ಸಾಲಗಳ ವಿವರ ಸಿಬಿಲ್ ವರದಿಯಲ್ಲಿ ಸಿಗುತ್ತದೆ. ವರ್ಷಕ್ಕೆ ಒಂದು ಸಲ ಅದು ಉಚಿತ. ಕೈಸಾಲ ಅದರಲ್ಲಿ ಬರುವುದಿಲ್ಲ, ನೆನಪಿನಿಂದಲೇ ಬರೆಯಬೇಕು.

ಚೀಟಿ ಹಾಕಿದ್ದರೆ ಎರಡು ಥರ ನೋಡಿ. ಎತ್ತಿದ ಚೀಟಿ ಸಾಲ. ಇನ್ನೂ ಎತ್ತದ ಚೀಟಿ ನಿಮ್ಮ ಆಸ್ತಿ, ಕಷ್ಟಕಾಲಕ್ಕೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಹುದು.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಮನೆಸಾಲ ಮಂಜೂರಾದಾಗ ಬಹಳ ಸಲ ಅದರ ಜೊತೆಗೇ ಒಂದು ವಿಮೆ ಮಾಡಿಸಿರುತ್ತಾರೆ, ಪ್ರೀಮಿಯಂ ಸಾಲದ ಮೊತ್ತಕ್ಕೇ ಸೇರಿರುತ್ತದೆ. ಆ ಪಾಲಿಸಿ ಹುಡುಕಿ ಓದಿ. ಕೆಲವದರಲ್ಲಿ ಗಂಭೀರ ಕಾಯಿಲೆ, ಅಪಘಾತ, ಕೆಲಸ ಹೋದರೆ ಕೆಲವು ತಿಂಗಳ ಕಂತು ಇಂಥದ್ದೆಲ್ಲ ಸೇರಿರುತ್ತದೆ. ನಿಮ್ಮ ಕಷ್ಟಕ್ಕೆ ಕಾರಣ ಇವುಗಳಲ್ಲೇ ಒಂದಾಗಿದ್ದರೆ ಕ್ಲೇಮು ಹಾಕದೆ ಬಿಡಬೇಡಿ.

ಯಾರಿಗೆ ಮೊದಲು, ಯಾರಿಗೆ ಆಮೇಲೆ

ಕಟ್ಟದಿದ್ದರೆ ಏನಾಗುತ್ತದೆ ಅನ್ನುವುದರ ಮೇಲೆ ಸಾಲು ಮಾಡಿ. ಯಾರು ಎಷ್ಟು ಜೋರಾಗಿ ಕೂಗುತ್ತಾರೆ ಅನ್ನುವುದನ್ನು ಪಕ್ಕಕ್ಕಿಡಿ.

ಮನೆಸಾಲದ ಕಂತು ಮೊದಲು. ಅದರ ಜೊತೆಗೆ ರೇಷನ್, ಕರೆಂಟು, ಮಕ್ಕಳ ಫೀಸು, ಔಷಧಿ. ಆಮೇಲೆ ಅಡ ಇಟ್ಟ ಚಿನ್ನ. ಅದರ ಬಡ್ಡಿಯನ್ನಾದರೂ ಕಟ್ಟಿ ನವೀಕರಿಸಿ, ಇಲ್ಲವಾದರೆ ಹರಾಜಿಗೆ ಹೋಗುತ್ತದೆ. ಚೆಕ್ ಕೊಟ್ಟು ತಂದ ಸಾಲ ಅದರ ನಂತರ. ಚೆಕ್ ಬೌನ್ಸ್ ಆದರೆ 138ನೇ ಸೆಕ್ಷನ್ ಕೆಳಗೆ ಕ್ರಿಮಿನಲ್ ಕೇಸು ಬೀಳುತ್ತದೆ. ನೋಟಿಸ್ ತಲುಪಿದ 15 ದಿನದೊಳಗೆ ಹಣ ಕೊಟ್ಟರೆ ಕೇಸು ತಪ್ಪುತ್ತದೆ. ಕೊನೆಯಲ್ಲಿ ಕ್ರೆಡಿಟ್ ಕಾರ್ಡ್ ಮತ್ತು ಪರ್ಸನಲ್ ಲೋನ್.

ಕಾರ್ಡಿನ ಬಡ್ಡಿ ಎಲ್ಲಕ್ಕಿಂತ ಜಾಸ್ತಿ, ಅದನ್ನೇ ಮೊದಲು ತೀರಿಸಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ಕೈಯಲ್ಲಿ ಹಣ ಇದ್ದಾಗ ಆ ಲೆಕ್ಕ ಸರಿ. ಮನೆಸಾಲದ ಕಂತು ಕಟ್ಟಿದ ಮೇಲೆ ಉಳಿದದ್ದೆಲ್ಲ ಕಾರ್ಡಿಗೇ ಹಾಕಿ. ಎರಡರಲ್ಲಿ ಒಂದನ್ನೇ ಕಟ್ಟಲು ಆಗುವ ತಿಂಗಳಲ್ಲಿ ಮಾತ್ರ ಮನೆಯನ್ನೇ ಆರಿಸಿ. ಅಡ ಇಲ್ಲದ ಸಾಲ ಕೊಟ್ಟವರು ವಸೂಲಿಗೆ ಸಿವಿಲ್ ಕೋರ್ಟಿಗೆ ಹೋಗಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ತರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಡಿಕ್ರಿ ಆದರೂ ಸಂಬಳ ಪೂರ್ತಿ ಜಪ್ತಿ ಮಾಡಲು ಆಗುವುದಿಲ್ಲ: ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ನಿಮಗೇ ಉಳಿಯಬೇಕು. ಪಿಎಫ್ ಹಣವನ್ನು ಜಪ್ತಿ ಮಾಡುವಂತಿಲ್ಲ. ಹಾಗಂತ ಕೋರ್ಟಿನ ಸಮನ್ಸ್ ಬಂದರೆ ಕಸದ ಬುಟ್ಟಿಗೆ ಹಾಕಬೇಡಿ. ನೀವು ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ, ಅದರ ಮೇಲೆ ಆಸ್ತಿ ಜಪ್ತಿಗೂ ಅರ್ಜಿ ಹಾಕಬಹುದು.

ಕಾರ್ಡಿನಲ್ಲಿ ‘ಮಿನಿಮಮ್’ ಕಟ್ಟುತ್ತಾ ಹೋದರೆ ಸಾಕು ಅನ್ನುವ ನಂಬಿಕೆಯೂ ಇದೆ. 2 ಲಕ್ಷ ಬಾಕಿ, ತಿಂಗಳಿಗೆ 3.5% ಬಡ್ಡಿ ಅಂತ ಇಟ್ಟುಕೊಳ್ಳಿ. ಬಡ್ಡಿಯೇ 7,000, ಅದರ ಮೇಲೆ 18% ಜಿಎಸ್‌ಟಿ 1,260. ನೀವು 10,000 ಕಟ್ಟಿದರೆ ಅಸಲಿಗೆ ಸೇರುವುದು 1,740 ಮಾತ್ರ. ಮನೆ ಕಂತು ತಪ್ಪಿಸಿ ಇದಕ್ಕೆ ಹಣ ಹಾಕುವುದು ಎಷ್ಟು ನಷ್ಟ ಅಂತ ನೀವೇ ನೋಡಿ.

ಒಂದು ಸಣ್ಣ ಉಪಾಯ. ಸಂಬಳ, ಮನೆಸಾಲದ ಕಂತು, ಕ್ರೆಡಿಟ್ ಕಾರ್ಡ್ ಎಲ್ಲ ಒಂದೇ ಬ್ಯಾಂಕಿನಲ್ಲಿದ್ದರೆ, ಕಾರ್ಡಿನ ಬಾಕಿಗೆ ಬ್ಯಾಂಕ್ ನಿಮ್ಮ ಉಳಿತಾಯ ಖಾತೆಯ ಹಣವನ್ನೇ ಹಿಡಿದುಕೊಳ್ಳಬಹುದು. ಆಗ ಮನೆ ಕಂತಿಗೆ ಇಟ್ಟ ಹಣವೂ ಹೋಗುತ್ತದೆ. ಆದ್ದರಿಂದ ಮನೆಸಾಲದ ಕಂತನ್ನು ಬೇರೆ ಬ್ಯಾಂಕಿನ ಖಾತೆಯಿಂದ ಹೋಗುವ ಹಾಗೆ ಮಾಡಿಕೊಳ್ಳಿ. ಆ ಖಾತೆಗೆ ಇನ್ನೇನನ್ನೂ ಜೋಡಿಸಬೇಡಿ.

90 ದಿನದ ಗೆರೆ

ಮನೆಸಾಲದಲ್ಲಿ ಎಲ್ಲವೂ ನಿಂತಿರುವುದು ಈ ಸಂಖ್ಯೆಯ ಮೇಲೆ. ಕಂತು ತಪ್ಪಿ 30 ದಿನದವರೆಗೆ ಒಂದು ಹಂತ, 60ರವರೆಗೆ ಇನ್ನೊಂದು, 90ರವರೆಗೆ ಮತ್ತೊಂದು. 90 ದಿನ ದಾಟಿದರೆ ಸಾಲ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ದಿನ ಎಣಿಸುವುದು ತೀರಾ ಹಳೆಯ ಬಾಕಿ ಕಂತಿನಿಂದ. ಎರಡು ಕಂತು ನಿಂತಿದ್ದಾಗ ಒಂದು ಪೂರ್ತಿ ಕಂತು ಕಟ್ಟಿದರೆ ಆ ಹಳೆಯ ಬಾಕಿ ತೀರುತ್ತದೆ, ಎಣಿಕೆ ಒಂದು ತಿಂಗಳು ಹಿಂದಕ್ಕೆ ಬರುತ್ತದೆ. ಅಂದರೆ 90ರ ಒಳಗೆ ಒಂದು ಕಂತಿಗೂ ಬೆಲೆ ಇದೆ.

ಗೆರೆ ದಾಟಿದ ಮೇಲೆ ಹಾಗಲ್ಲ. ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಇದನ್ನು ಸ್ಪಷ್ಟ ಮಾಡಿತು: ಎನ್‌ಪಿಎ ಆದ ಸಾಲ ಮತ್ತೆ ಸರಿಯಾದ ಸಾಲ ಅನ್ನಿಸಿಕೊಳ್ಳಬೇಕಾದರೆ ಅಸಲು ಬಡ್ಡಿ ಸೇರಿ ಹಿಂದಿನ ಬಾಕಿ ಎಲ್ಲವನ್ನೂ ಕಟ್ಟಬೇಕು. ಒಡವೆ ಮಾರುವುದಿದ್ದರೆ, ಅಣ್ಣತಮ್ಮಂದಿರ ಹತ್ತಿರ ಕೇಳುವುದಿದ್ದರೆ 80ನೇ ದಿನಕ್ಕೆ ಮುಂಚೆ ಮಾಡಿ. ಅದೇ ಹಣ 100ನೇ ದಿನ ಅಷ್ಟು ಕೆಲಸ ಮಾಡುವುದಿಲ್ಲ.

ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ

ನಾಚಿಕೆಯಿಂದ ಬ್ಯಾಂಕಿನ ರಸ್ತೆಯನ್ನೇ ತಪ್ಪಿಸಿ ಓಡಾಡುವವರಿದ್ದಾರೆ. ಸಾಲ ಇನ್ನೂ ಸರಿಯಾಗಿ ನಡೆಯುತ್ತಿರುವಾಗ ಬ್ಯಾಂಕಿಗೆ ಇರುವ ದಾರಿಗಳು ಜಾಸ್ತಿ, ಕೆಟ್ಟ ಮೇಲೆ ಕಡಿಮೆ. ಕೆಲಸ ಹೋದ ಪತ್ರವೋ ಆಸ್ಪತ್ರೆ ಬಿಲ್ಲೋ ಜೊತೆಗಿಟ್ಟು ಅರ್ಜಿ ಬರೆದುಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ನೋಡೋಣ ಬಿಡಿ ಸಾರ್’ ಅಂದದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ.

ಏನು ಕೇಳಬೇಕು? ಮೊದಲು ಬಡ್ಡಿದರ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಮನೆಸಾಲಗಳನ್ನು ರೆಪೊ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಅಥವಾ ಅಂಥ ಹೊರಗಿನ ದರಕ್ಕೆ ಜೋಡಿಸಬೇಕು. ನಿಮ್ಮದು ಅದಕ್ಕಿಂತ ಹಳೆಯ ಸಾಲವಾದರೆ ಇನ್ನೂ ಹಳೆಯ ಪದ್ಧತಿಯಲ್ಲೇ ಜಾಸ್ತಿ ಬಡ್ಡಿ ಕಟ್ಟುತ್ತಿರಬಹುದು. ಬದಲಾಯಿಸಿಕೊಡಿ ಅಂತ ಕೇಳಿ. 2025ರಲ್ಲಿ ರೆಪೊ ದರ 6.50%ರಿಂದ 5.25%ಕ್ಕೆ ಇಳಿಯಿತು. ದರ ಇಳಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೇ ಇಟ್ಟು ಅವಧಿ ಕಡಿಮೆ ಮಾಡುತ್ತವೆ. ಬೇರೆ ಸಮಯದಲ್ಲಿ ಅದು ಒಳ್ಳೆಯದೇ. ಈಗ ನಿಮಗೆ ಬೇಕಿರುವುದು ಉಸಿರಾಡಲು ಜಾಗ, ಹಾಗಾಗಿ ಕಂತು ಇಳಿಸಿಕೊಡಿ ಅಂತ ಬರೆದು ಕೇಳಿ.

ಎರಡನೆಯದು ಅವಧಿ. 30 ಲಕ್ಷ ಅಸಲು, 8.5% ಬಡ್ಡಿ, ಇನ್ನು 15 ವರ್ಷ ಉಳಿದಿದ್ದರೆ ಕಂತು ಸುಮಾರು 29,500. ಅದನ್ನು 20 ವರ್ಷಕ್ಕೆ ಎಳೆದರೆ ಸುಮಾರು 26,000. ತಿಂಗಳಿಗೆ 3,500 ಉಳಿಯುತ್ತದೆ, ಆದರೆ ಕೊನೆಗೆ ಕಟ್ಟುವ ಬಡ್ಡಿ 9 ಲಕ್ಷಕ್ಕೂ ಜಾಸ್ತಿಯಾಗುತ್ತದೆ. ಆದರೂ ನಾನು ಬೇಡ ಅನ್ನುವುದಿಲ್ಲ. ವೈಯಕ್ತಿಕ ಫ್ಲೋಟಿಂಗ್ ಮನೆಸಾಲಕ್ಕೆ ಮುಂಗಡ ಪಾವತಿ ಶುಲ್ಕ ಇಲ್ಲ. ಕಾಲ ಸರಿಯಾದ ಮೇಲೆ ಅಸಲಿಗೆ ಹಣ ಹಾಕಿ ಆ ವರ್ಷಗಳನ್ನು ಮತ್ತೆ ಕಡಿಮೆ ಮಾಡಿಕೊಳ್ಳಬಹುದು.

ಇನ್ನೊಂದು ಬ್ಯಾಂಕಿಗೆ ಸಾಲ ವರ್ಗಾಯಿಸುವುದೂ ಒಂದು ದಾರಿ. ಕಂತು ತಪ್ಪಿದವರ ಸಾಲ ಹೊಸ ಬ್ಯಾಂಕ್ ತೆಗೆದುಕೊಳ್ಳುವುದು ಕಷ್ಟ, ಅದಕ್ಕೇ ಇದನ್ನೂ ಮೊದಲೇ ಯೋಚಿಸಬೇಕು. ಹೊಸ ಅಡಮಾನ ಪತ್ರದ ನೋಂದಣಿ, ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯದ ಖರ್ಚು ಎಲ್ಲ ಸೇರಿಸಿ ನೋಡಿ.

ಟಾಪ್-ಅಪ್ ಸಾಲ: ಹುಷಾರು

‘ಎಲ್ಲ ಸಣ್ಣ ಸಾಲಗಳನ್ನೂ ತೀರಿಸಿ, ಮನೆ ಮೇಲೆ ಒಂದೇ ಟಾಪ್-ಅಪ್ ತಗೊಳ್ಳಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಟಾಪ್-ಅಪ್ ಅಂದರೆ ಇರುವ ಮನೆಸಾಲದ ಮೇಲೆ ಅದೇ ಮನೆಯ ಅಡಕ್ಕೆ ಇನ್ನಷ್ಟು ಸಾಲ. ಲೆಕ್ಕ ನೋಡಲು ಚೆನ್ನಾಗಿರುತ್ತದೆ. 5 ಲಕ್ಷದ ಪರ್ಸನಲ್ ಲೋನ್ 14% ಬಡ್ಡಿಗೆ 3 ವರ್ಷ ಉಳಿದಿದ್ದರೆ ಕಂತು ಸುಮಾರು 17,100. ಅದನ್ನೇ 9.5%ಕ್ಕೆ 10 ವರ್ಷದ ಟಾಪ್-ಅಪ್ ಮಾಡಿದರೆ 6,500. ಬಡ್ಡಿದರ ಕಡಿಮೆ, ಆದರೂ ಕಟ್ಟುವ ಒಟ್ಟು ಬಡ್ಡಿ 1.15 ಲಕ್ಷದಿಂದ ಸುಮಾರು 2.75 ಲಕ್ಷಕ್ಕೆ ಏರುತ್ತದೆ.

ನನ್ನ ಚಿಂತೆ ಬಡ್ಡಿಯದ್ದಲ್ಲ. ಇದುವರೆಗೆ ಮನೆಗೆ ಸಂಬಂಧವೇ ಇಲ್ಲದಿದ್ದ ಸಾಲವನ್ನು ನೀವಾಗಿಯೇ ಮನೆಯ ಮೇಲೆ ಏರಿಸುತ್ತಿದ್ದೀರಿ. ಕಾರ್ಡು ಖಾಲಿಯಾಯಿತು ಅಂತ ಮತ್ತೆ ಉಜ್ಜಲು ಶುರು ಮಾಡಿದರೆ ಒಂದೆರಡು ವರ್ಷದಲ್ಲಿ ಟಾಪ್-ಅಪ್ಪೂ ಇರುತ್ತದೆ, ಕಾರ್ಡಿನ ಬಾಕಿಯೂ ಇರುತ್ತದೆ. ಆದಾಯ ನಿಶ್ಚಿತವಾಗಿದ್ದು, ಹೊಸ ಒಟ್ಟು ಕಂತು ಮನೆಗೆ ಬರುವ ಹಣದ ಅರ್ಧದೊಳಗೆ ನಿಲ್ಲುವುದಾದರೆ ಮಾತ್ರ ಮಾಡಿ. ಟಾಪ್-ಅಪ್ ಬಂದ ದಿನವೇ ಕಾರ್ಡುಗಳನ್ನು ಮುಚ್ಚಿ, ಮುಚ್ಚಿದ ಪತ್ರ ತೆಗೆದುಕೊಳ್ಳಿ. ಆದಾಯವೇ ಅಲುಗಾಡುತ್ತಿದ್ದರೆ ಆ ಸಾಲಗಳು ಹೊರಗೇ ಇರಲಿ. ಆಮೇಲೆ ಒಂದಿಷ್ಟು ಹಣ ಒಟ್ಟಾದಾಗ ಅವರ ಜೊತೆ ಸೆಟಲ್‌ಮೆಂಟ್ ಮಾತಾಡಬಹುದು. ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಗುರುತು ಉಳಿಯುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ. ಸದ್ಯಕ್ಕೆ ಅದು ಅಂಥ ದೊಡ್ಡ ನಷ್ಟವೇನಲ್ಲ. ಹಣ ಕಟ್ಟುವ ಮುಂಚೆ ಸೆಟಲ್‌ಮೆಂಟ್ ಪತ್ರ ಕೈಗೆ ಬಂದಿರಲಿ.

ಮನೆಯಿಂದಲೇ ಹಣ ಹುಟ್ಟಿಸಲು ಆಗುತ್ತದಾ?

ಮಹಡಿ ಇದ್ದರೆ ಬಾಡಿಗೆಗೆ ಕೊಡಬಹುದು. ಇಡೀ ಮನೆಯನ್ನು ಬಾಡಿಗೆಗೆ ಕೊಟ್ಟು, ನೀವು ಎರಡು ವರ್ಷ ಊರಾಚೆ ಸಣ್ಣ ಮನೆಯಲ್ಲಿ ಇರಬಹುದು. ನೆಂಟರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ ಬಿಡಿ.

ಭೋಗ್ಯದ ವಿಷಯ ಬೇರೆ. 8-10 ಲಕ್ಷ ಒಟ್ಟಿಗೆ ಸಿಗುತ್ತದೆ ಅಂತ ಮನೆ ಭೋಗ್ಯಕ್ಕೆ ಕೊಟ್ಟು ಕಾರ್ಡು ತೀರಿಸುವವರಿದ್ದಾರೆ. ಆ ಹಣವೂ ಸಾಲವೇ, ಅವಧಿ ಮುಗಿದ ದಿನ ಪೂರ್ತಿ ವಾಪಸ್ ಕೊಡಬೇಕು. ಬಾಡಿಗೆಯೂ ಬರುವುದಿಲ್ಲ, ಹಾಗಾಗಿ ಮನೆಸಾಲದ ಕಂತಿಗೆ ಅದರಿಂದ ಏನೂ ಸಿಗುವುದಿಲ್ಲ. ಬ್ಯಾಂಕಿನ ಒಪ್ಪಿಗೆ ಇಲ್ಲದೆ ಕೊಟ್ಟು, ನಾಳೆ ಬ್ಯಾಂಕ್ ಮನೆಗೆ ಬಂದರೆ ಹಣ ಕೊಟ್ಟ ಆ ಬಡಪಾಯಿ ಕುಟುಂಬವೂ ಬೀದಿಗೆ ಬೀಳುತ್ತದೆ. ಬ್ಯಾಂಕಿನ 60 ದಿನದ ನೋಟಿಸ್ (ಅದರ ವಿವರ ಮುಂದೆ ಇದೆ) ಬಂದ ಮೇಲಂತೂ ಅವರ ಲಿಖಿತ ಒಪ್ಪಿಗೆ ಇಲ್ಲದೆ ಮಾರುವುದು, ಭೋಗ್ಯಕ್ಕೆ ಕೊಡುವುದು ಎರಡೂ ಕಾನೂನಿಗೆ ವಿರುದ್ಧ.

ಮೀಟರ್ ಬಡ್ಡಿ, ಖಾಲಿ ಚೆಕ್, ಕ್ರಯದ ಕರಾರು

ಮನೆ ಕಂತು ಕಟ್ಟಲು ಮೀಟರ್ ಬಡ್ಡಿಗೆ ಸಾಲ ತರಬೇಡಿ. ಒಂದು ತಿಂಗಳು ನೂಕಿದ ಹಾಗೆ ಕಾಣುತ್ತದೆ, ಮೂರನೇ ತಿಂಗಳಿಗೆ ಎರಡೂ ಕಟ್ಟಲು ಆಗುವುದಿಲ್ಲ. ಅದಕ್ಕಿಂತ ಅಪಾಯ ಇನ್ನೊಂದಿದೆ. ಖಾಸಗಿಯಾಗಿ ಸಾಲ ಕೊಡುವ ಕೆಲವರು ಭದ್ರತೆಗೆ ಅಂತ ನಿಮ್ಮ ಮನೆಯ ಕ್ರಯದ ಕರಾರು ಅಥವಾ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಬರೆಸಿಕೊಳ್ಳುತ್ತಾರೆ. ‘ಸುಮ್ನೆ ಒಂದು ಸಹಿ ಅಷ್ಟೇ’ ಅನ್ನುತ್ತಾರೆ. ನೀವು 5 ಲಕ್ಷ ಸಾಲ ತಂದಿರುತ್ತೀರಿ, ಕಾಗದದಲ್ಲಿ ಮನೆ ಮಾರಲು 5 ಲಕ್ಷ ಮುಂಗಡ ಪಡೆದಿದ್ದೀರಿ ಅಂತ ಇರುತ್ತದೆ. ಆಮೇಲೆ ಕೋರ್ಟಿನಲ್ಲಿ ಅದನ್ನು ಸಾಲ ಅಂತ ತೋರಿಸಲು ವರ್ಷಗಟ್ಟಲೆ ಒದ್ದಾಡಬೇಕು. ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಸಾಲ ಮತ್ತು ಸಣ್ಣ ಸಾಲಗಳ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಆದರೆ ಇದನ್ನು ಸಾಲಮನ್ನಾ ಅಂತ ತಿಳಿಯಬೇಡಿ. ಬ್ಯಾಂಕ್ ಮತ್ತು ಆರ್‌ಬಿಐ ನೋಂದಣಿ ಇರುವ ಸಂಸ್ಥೆಗಳ ಸಾಲ ಹಾಗೇ ಇರುತ್ತದೆ.

ಅವರ ವಸೂಲಿ ಏಜೆಂಟರಿಗೂ ನಿಯಮ ಇದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿಗಾಗಿ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಆಫೀಸಿನವರಿಗೆ ಹೇಳಿ ಮಾನ ಕಳೆಯುವಂತಿಲ್ಲ. ಕರೆ ರೆಕಾರ್ಡ್ ಮಾಡಿ ಮೊದಲು ಸಂಸ್ಥೆಗೆ ಬರೆದು ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ. ಗೃಹಸಾಲ ಕಂಪನಿಯಾದರೆ ದೂರು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ.

ಈ ಫೋನುಗಳ ಕಾಟದಲ್ಲಿ ನಿದ್ದೆ ಕೆಟ್ಟು, ಬದುಕೇ ಬೇಡ ಅನ್ನಿಸಿದರೆ ಉಳಿದದ್ದನ್ನೆಲ್ಲ ಬಿಟ್ಟು ಮೊದಲು 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಬ್ಯಾಂಕಿನಿಂದ ನೋಟಿಸ್ ಬಂದರೆ

ಇಲ್ಲಿಂದ ಮುಂದಿನದ್ದು 2002ರ ಸರ್ಫೇಸಿ ಕಾಯ್ದೆಯ ಆಟ. ಅಡ ಇಟ್ಟ ಆಸ್ತಿಯನ್ನು ದಾವೆ ಹಾಕದೆ ವಶಕ್ಕೆ ತೆಗೆದುಕೊಂಡು ಮಾರುವ ಅಧಿಕಾರವನ್ನು ಬ್ಯಾಂಕಿಗೆ ಕೊಡುವುದು ಇದೇ. ಪ್ರತಿ ಹಂತಕ್ಕೂ ದಿನದ ಲೆಕ್ಕ ಇದೆ, ಹಾಗಾಗಿ ಲಕೋಟೆಯನ್ನೂ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ ವಾಪಸ್ ಕಳಿಸಿದರೆ ನೋಟಿಸ್ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಮನೆ ಬಾಗಿಲಿಗೆ ಅಂಟಿಸಿ, ಪೇಪರಿನಲ್ಲಿ ಹಾಕಿಸಿ ಮುಂದೆ ಹೋಗುತ್ತಾರೆ.

ಮೊದಲು ಬರುವುದು ಆ ಕಾಯ್ದೆಯ 13(2)ನೇ ಸೆಕ್ಷನ್ ನೋಟಿಸ್. ಬಾಕಿ ಪೂರ್ತಿ ಕಟ್ಟಲು 60 ದಿನ. ಇದಕ್ಕೆ ಲಿಖಿತ ಉತ್ತರ ಕೊಡಿ. ಆ ಹಕ್ಕು ನಿಮಗಿದೆ, ಉತ್ತರ ತಲುಪಿದ 15 ದಿನದೊಳಗೆ ಬ್ಯಾಂಕ್ ಕಾರಣ ಕೊಟ್ಟು ಮರುತ್ತರ ಬರೆಯಬೇಕು. ಲೆಕ್ಕವನ್ನು ಗಮನವಿಟ್ಟು ನೋಡಿ: ಕಟ್ಟಿದ ಕಂತು ಜಮಾ ಆಗಿದೆಯಾ, ದಂಡವನ್ನು ಬಡ್ಡಿಯ ಮೇಲೆ ಬಡ್ಡಿಯಾಗಿ ಸೇರಿಸಿದ್ದಾರಾ? 2024ರಿಂದ ಹಾಗೆ ಸೇರಿಸುವಂತಿಲ್ಲ, ದಂಡ ಬೇರೆ ಶುಲ್ಕವಾಗಿ ಮಾತ್ರ ಇರಬೇಕು. ಸಾಲ ಬಹುತೇಕ ತೀರಿದ್ದು, ಉಳಿದ ಬಾಕಿ ಅಸಲು ಬಡ್ಡಿಯ 20%ಕ್ಕಿಂತ ಕಡಿಮೆ ಇದ್ದರೆ ಈ ಕಾಯ್ದೆಯನ್ನೇ ಬಳಸಲು ಬರುವುದಿಲ್ಲ. ಕೃಷಿ ಜಮೀನಿನ ಅಡಮಾನಕ್ಕೂ ಅಷ್ಟೇ.

ಬ್ಯಾಂಕ್ ಜೊತೆ ಮಾತುಕತೆಗೆ ಒಳ್ಳೆಯ ಸಮಯ ಈ 60 ದಿನ. ಇಷ್ಟು ಈಗ ಕಟ್ಟುತ್ತೇನೆ, ಉಳಿದದ್ದು ಇಂಥ ತಾರೀಖಿಗೆ ಅಂತ ಒಂದು ಯೋಜನೆ ಬರೆದು, ಜೊತೆಗೆ ಸ್ವಲ್ಪವಾದರೂ ಹಣ ಕಟ್ಟಿ. ಬರೀ ಕಾಗದಕ್ಕಿಂತ ಕಾಗದದ ಜೊತೆ ಬಂದ ಹಣವನ್ನು ಬ್ಯಾಂಕಿನವರು ನಂಬುತ್ತಾರೆ.

60 ದಿನ ಕಳೆದರೆ ಸ್ವಾಧೀನದ ನೋಟಿಸ್. ಮೊದಲು ಸಾಮಾನ್ಯವಾಗಿ ಕಾಗದದ ಮೇಲಿನ ಸ್ವಾಧೀನ, ಗೋಡೆಗೆ ನೋಟಿಸ್ ಅಂಟಿಸಿ ಎರಡು ಪತ್ರಿಕೆಗಳಲ್ಲಿ ಹಾಕಿಸುತ್ತಾರೆ. ನೀವು ಮನೆಯಲ್ಲೇ ಇರುತ್ತೀರಿ. ಮನೆ ಖಾಲಿ ಮಾಡಿಸಲು ಸಾಮಾನ್ಯವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಮುಖ್ಯ ಮ್ಯಾಜಿಸ್ಟ್ರೇಟ್ ಆದೇಶ ತರುತ್ತಾರೆ. ಗೂಂಡಾಗಳನ್ನು ಕರೆತಂದು ಬೀಗ ಹಾಕುವಂತಿಲ್ಲ.

ಸ್ವಾಧೀನದ ಕ್ರಮ ತಪ್ಪಾಗಿದ್ದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬೇಕು. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. ಊರಿನ ಸಿವಿಲ್ ಕೋರ್ಟಿನಲ್ಲಿ ತಡೆ ತರುತ್ತೇನೆ ಅಂತ ಫೀಸು ಕೇಳುವವರಿದ್ದರೆ ಎಚ್ಚರ, ಈ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರ ಇಲ್ಲ. ಡಿಆರ್‌ಟಿ ತಡೆ ಕೊಟ್ಟರೂ ಸಾಮಾನ್ಯವಾಗಿ ಬಾಕಿಯ ಒಂದು ಭಾಗ ಕಟ್ಟಿ ಅನ್ನುತ್ತದೆ. ಒಂದಿಷ್ಟು ಹಣ ಕೈಯಲ್ಲಿಟ್ಟುಕೊಂಡೇ ಹೋಗಿ. ವಕೀಲರ ಖರ್ಚಿಗೆ ದಾರಿ ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ. ಮನೆಯೋ ಸಾಲವೋ ಹೆಂಡತಿಯ ಹೆಸರಿನಲ್ಲೂ ಇದ್ದರೆ ಅರ್ಜಿ ಅವರೇ ಹಾಕಲಿ.

ಹರಾಜಿಗೆ ಮುಂಚೆ ನಿಮಗೆ 30 ದಿನದ ನೋಟಿಸ್ ಬರಬೇಕು. ಇಲ್ಲಿ ಒಂದು ತಾರೀಖು ಬಹಳ ಮುಖ್ಯ. 2016ರ ತಿದ್ದುಪಡಿಯ ನಂತರ, ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಇರುವುದು ಹರಾಜು ಪ್ರಕಟಣೆ ಹೊರಬೀಳುವವರೆಗೆ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹರಾಜಿನ ದಿನದವರೆಗೂ ಸಮಯ ಇದೆ ಅನ್ನುವ ಹಳೆಯ ಮಾತನ್ನು ನಂಬಿ ಕೂರಬೇಡಿ.

ಲೆಕ್ಕ ಕೂಡಿಬರದಿದ್ದರೆ ನೀವೇ ಮಾರಿ

ಎಲ್ಲ ಮಾಡಿದ ಮೇಲೂ ಕಂತಿಗೆ ಹಣ ಸಾಲುವುದಿಲ್ಲ ಅಂತ ಖಚಿತವಾದರೆ, ಮೊದಲು ಊರಿನ ಸೈಟೋ ಖಾಲಿ ಬಿದ್ದ ಜಾಗವೋ ಇದ್ದರೆ ಅದನ್ನು ಮಾರಿ. ಅದೂ ಇಲ್ಲದಿದ್ದರೆ ಮನೆಯನ್ನೇ ಮಾರುವುದು. ಹರಾಜಿನಲ್ಲಿ ಸಾಮಾನ್ಯವಾಗಿ ಮಾರುಕಟ್ಟೆಗಿಂತ ಕಡಿಮೆ ಬೆಲೆ ಬರುತ್ತದೆ, ಅದರಲ್ಲೂ ಬ್ಯಾಂಕಿನ ಖರ್ಚು ಕಳೆಯುತ್ತಾರೆ. ಉಳಿದದ್ದು ನಿಮಗೆ ಸೇರಬೇಕು, ಕೇಳಿ ಪಡೆಯಬೇಕು. ನೀವೇ ಮಾರಿದರೆ ಬೆಲೆ ನಿಮ್ಮ ಕೈಯಲ್ಲಿರುತ್ತದೆ.

ಬ್ಯಾಂಕಿನಿಂದ ಬಾಕಿಯ ಪತ್ರ ತೆಗೆದುಕೊಳ್ಳಿ, ಕೊಳ್ಳುವವರಿಗೆ ಸಾಲ ಇರುವುದನ್ನು ಮೊದಲೇ ಹೇಳಿ. ಹೇಗೂ ಋಣಭಾರ ಪತ್ರದಲ್ಲಿ ಕಾಣುತ್ತದೆ. ಕೊಳ್ಳುವವರ ಹಣ, ಅಥವಾ ಅವರ ಬ್ಯಾಂಕಿನ ಡಿಡಿ, ನೇರವಾಗಿ ನಿಮ್ಮ ಸಾಲದ ಖಾತೆಗೆ ಹೋಗಲಿ, ಉಳಿದದ್ದು ನೋಂದಣಿ ದಿನ ನಿಮಗೆ ಬರಲಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರಗಳನ್ನು ವಾಪಸ್ ಕೊಟ್ಟು, ಉಪನೋಂದಣಿ ಕಚೇರಿಯಲ್ಲಿ ಅಡಮಾನ ತೆಗೆಸಬೇಕು. ಅವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.